ತಗಡಿನ ಮೇಲೆ ಕಲಿತ ಅಕ್ಷರ

ನಮ್ಮ ಅಬ್ಬಾ ತಗಡಿನ ಟ್ರಂಕುಗಳ ಮೇಲೆ ಹೂ ಬಿಡಿಸುತ್ತಿದ್ದರು. ಮದುವೆಯಾಗಿ ಹೋಗುವ ಹೆಣ್ಣುಮಕ್ಕಳಿಗೆ ಟ್ರಂಕು ಕೊಟ್ಟು ಕಳಿಸುವ ವಾಡಿಕೆ ತುಮಕೂರಿನ ಸುತ್ತಮುತ್ತ ಇನ್ನೂ ಉಳಿದಿದ್ದ ಕಾಲ ಅದು. ಹಸಿರು ಟ್ರಂಕು, ಮುಚ್ಚಳದ ಮೇಲೆ ಎರಡು ಕೆಂಪು ಗುಲಾಬಿ, ಅವುಗಳ ನಡುವೆ ಹುಡುಗಿಯ ಹೆಸರು. ಗುಲಾಬಿ ಅಬ್ಬಾನ ಕೈಯದು, ಹೆಸರು ನನ್ನ ಕೈಯದು. ಅಬ್ಬಾಗೆ ಉರ್ದು ಓದಲು ಬರೆಯಲು ಬರುತ್ತಿತ್ತು, ಕನ್ನಡ ಬರೀ ಮಾತಿಗಷ್ಟೇ. ನಾನು ಸರ್ಕಾರಿ ಕನ್ನಡ ಶಾಲೆಗೆ ಹೋಗುತ್ತಿದ್ದೆ. ಹಾಗಾಗಿ ಏಳನೇ ಕ್ಲಾಸಿನಿಂದಲೇ, ಶಾಲೆ ಬಿಟ್ಟ ಮೇಲೆ ಟ್ರಂಕು ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಕೂತು, ಎಂದೂ ನೋಡದ ಮದುವಣಗಿತ್ತಿಯರ ಹೆಸರು ಬರೆದೆ. ಕಮಲ, ಸರಳ ಎಂಬ ಹೆಸರಿನವರು ನನಗೆ ಬಹಳ ಇಷ್ಟವಾಗುತ್ತಿದ್ದರು. ಒತ್ತಕ್ಷರ ಇರುವ ಹೆಸರಿನವರನ್ನು ಕಂಡರೆ ಸಿಟ್ಟು ಬರುತ್ತಿತ್ತು.

ತೊಂಬತ್ತರ ದಶಕ ಶುರುವಾದ ಮೇಲೆ ಹುಡುಗಿಯರು ಟ್ರಂಕು ಬೇಡ, ಸೂಟ್‌ಕೇಸು ಬೇಕು ಎನ್ನತೊಡಗಿದರು. ಉಳ್ಳವರು ಕಬ್ಬಿಣದ ಬೀರು ಕೊಡಿಸಿದರು. ಬೀರುವಿನ ಮೇಲೆ ಯಾರೂ ಗುಲಾಬಿ ಬಿಡಿಸಿಕೊಳ್ಳುವುದಿಲ್ಲ. ಟ್ರಂಕಿನ ಅಂಗಡಿ ಮುಚ್ಚಿತು. ಅಬ್ಬಾ ಮನೆಗಳ ಗೇಟಿಗೆ, ಕಿಟಕಿ ಸರಳಿಗೆ ಬಣ್ಣ ಹೊಡೆಯಲು ಹೋಗತೊಡಗಿದರು. ಕೆಲಸ ಮುಗಿಸಿ ಬಂದು, "ಸರಳು ಅಂದ್ರೆ ಗೀಟು. ಗೀಟಲ್ಲಿ ಏನಿದೆ?" ಅನ್ನುತ್ತಿದ್ದರು. ನಮ್ಮ ಮನೆಯ ಮಾತು ಉರ್ದು, ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆಗ ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ನನ್ನ ಬಗ್ಗೆ ಅಮ್ಮಿಯ ಬಳಿ ಎರಡು ಯೋಚನೆ ಇದ್ದವು. ಒಂದು ಟೈಲರಿಂಗ್ ಕ್ಲಾಸು, ಇನ್ನೊಂದು ಮದುವೆ. ಮೂರನೆಯದು ನಮ್ಮ ಬೀದಿಯ ಕೊನೆಯ ಹಿಟ್ಟಿನ ಗಿರಣಿಯಿಂದ ಬಂತು. ಗಿರಣಿಯ ಯಜಮಾನರಿಗೆ ಬೋರ್ಡು ಬೇಕಿತ್ತು. ಪೇಟೆಯ ಆರ್ಟಿಸ್ಟು ಎರಡು ತಿಂಗಳಿಂದ ನಾಳೆ ನಾಳೆ ಎನ್ನುತ್ತಿದ್ದನಂತೆ. ರಾಗಿ ಬೀಸಿಸಲು ಹೋದ ನನ್ನನ್ನು ನೋಡಿ ಅವರಿಗೆ ಟ್ರಂಕಿನ ನೆನಪಾಯಿತು.

"ನಮ್ಮ ಮಗಳ ಪೆಟ್ಗೆ ಮೇಲೆ ಹೆಸ್ರು ಬರ್ದೋಳು ನೀನೇ ಅಲ್ವೇನವ್ವಾ? ಒಂದ್ ಬೋರ್ಡ್ ಬರ್ಕೊಟ್ಬುಡು."

ಆಗುತ್ತೋ ಇಲ್ಲವೋ ಎಂದು ಯೋಚಿಸುವ ಮೊದಲೇ ಹೂಂ ಅಂದಿದ್ದೆ.

ಅಬ್ಬಾ ಒಂದೇ ಷರತ್ತು ಹಾಕಿದರು. ಬರೆಯುವುದಾದರೆ ನಮ್ಮ ಹಿತ್ತಲಲ್ಲಿ ಕೂತು ಬರೆಯಬೇಕು. ಬೋರ್ಡು ಬೇಕಾದವರು ತಗಡು ತಂದಿಟ್ಟು ಹೋಗಲಿ, ಒಣಗಿದ ಮೇಲೆ ಬಂದು ಒಯ್ಯಲಿ. ಹುಡುಗಿ ಬೀದಿಯಲ್ಲಿ ಏಣಿ ಹತ್ತುವುದು ಆಗದ ಮಾತು. ನನಗೂ ಏಣಿಯ ಆಸೆ ಇರಲಿಲ್ಲ. ಮರದ ಚೌಕಟ್ಟಿಗೆ ಹೊಡೆದ ತಗಡು ಬಂತು. ಅಬ್ಬಾನೇ ಅದಕ್ಕೆ ಬಿಳಿ ಬಣ್ಣ ಬಳಿದುಕೊಟ್ಟರು. ನಾನು ಕೂತು ಬರೆದೆ: 'ಇಲ್ಲಿ ರಾಗಿ, ಗೋಧಿ, ಮೆಣಸಿನಕಾಯಿ ಬೀಸಿಕೊಡಲಾಗುವುದು.'

ಟ್ರಂಕಿನ ಮೇಲೆ ಒಂದೇ ಹೆಸರು ಬರೆದು ಅಭ್ಯಾಸವಾದವಳಿಗೆ ಇಷ್ಟು ಉದ್ದದ ವಾಕ್ಯ ಹೊಸದು. ಎಡಗಡೆಯಿಂದ ಉತ್ಸಾಹದಲ್ಲಿ ದೊಡ್ಡದಾಗಿ ಶುರು ಮಾಡಿದೆ. 'ಬೀಸಿಕೊಡ' ಬರುವಷ್ಟರಲ್ಲಿ ತಗಡು ಮುಗಿಯುತ್ತಾ ಬಂದಿತ್ತು. 'ಲಾಗುವು' ಒಂದನ್ನೊಂದು ತಳ್ಳಿಕೊಂಡು ನಿಂತವು. ಕೊನೆಯ 'ದು'ಗೆ ಜಾಗವೇ ಇರಲಿಲ್ಲ. ಅದನ್ನು ಮೂಲೆಯಲ್ಲಿ ಕಡಲೆಕಾಳಿನಷ್ಟು ಮಾಡಿ ಕೂರಿಸಿದೆ. ಬೋರ್ಡು ಒಯ್ಯಲು ಬಂದ ಯಜಮಾನರು ತುಂಬಾ ಹೊತ್ತು ನೋಡಿದರು.

"ಪಾಪ, ಆ ಕೊನೇ ಅಕ್ಸರ ಬಸ್ಸಿನ ಫುಟ್‌ಬೋರ್ಡಲ್ಲಿ ನೇತಾಡ್ತೈತಲ್ಲವ್ವಾ," ಅಂದರು.

ಬದಲಾಯಿಸಿಕೊಡುತ್ತೇನೆ ಎಂದೆ. "ಬುಡು, ಚೆನ್ನಾಗೇ ಐತೆ. ನೋಡ್ದೋರು ಇನ್ನೊಂದ್ಸಲ ನೋಡ್ತಾರೆ," ಎಂದು ಅದನ್ನೇ ತಗುಲಿಹಾಕಿದರು. ಅವರ ಒಳ್ಳೆಯತನ ಅದು. ಆದರೆ ದಿನಾ ಆ ದಾರಿಯಲ್ಲಿ ಹೋಗಬೇಕಿದ್ದವಳು ನಾನು. ತಲೆ ಎತ್ತಿ ಬೋರ್ಡು ನೋಡದೆ ದಾಟಲು ಎಷ್ಟೋ ದಿನ ಪ್ರಯತ್ನಪಟ್ಟೆ. ಆ ಮೇಲೆ ಯಾವ ತಗಡಿಗೂ ಬ್ರಷ್ ಮುಟ್ಟಿಸುವ ಮೊದಲು ಸೀಮೆಸುಣ್ಣದಲ್ಲಿ ಪೂರ್ತಿ ಬರೆದು, ಕೊನೆಯ ಅಕ್ಷರದಿಂದ ಮೊದಲ ಅಕ್ಷರದ ಕಡೆಗೆ ಅಳೆಯುವುದನ್ನು ಕಲಿತೆ.

ಗಿರಣಿಯ ಬೋರ್ಡು ನನಗೆ ಗುಬ್ಬಿಯ ಗಿರಾಕಿಯನ್ನು ತಂದುಕೊಟ್ಟಿತು. ತುಮಕೂರಿನ ಮಂಡಿಪೇಟೆಗೆ ವ್ಯಾಪಾರಕ್ಕೆ ಬಂದಿದ್ದ ಗುಬ್ಬಿಯ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಅದನ್ನು ನೋಡಿ, ಬರೆದವರ ಮನೆ ಹುಡುಕಿಕೊಂಡು ಬಂದರು. ದೊಡ್ಡ ಆಳು, ದೊಡ್ಡ ಮೀಸೆ, ದೊಡ್ಡ ದನಿ. ಬೇಕಾದುದನ್ನು ಸಿಗರೇಟು ಪ್ಯಾಕಿನ ಒಳಗಿನ ಹಾಳೆಯ ಮೇಲೆ ತಾವೇ ಬರೆದುಕೊಟ್ಟರು. ಹಳದಿ ಹಿನ್ನೆಲೆ, ಕೆಂಪಕ್ಷರ, ಬಸ್ಸಿನಲ್ಲಿ ಹೋಗುವವರಿಗೂ ಕಾಣಬೇಕು. ಎಷ್ಟು ಕೊಡಲಿ ಎಂದು ಕೇಳಿದರು. ನಾನು ಆಗೆಲ್ಲ ಹೇಳುತ್ತಿದ್ದ ಪೆದ್ದು ಮಾತನ್ನೇ ಹೇಳಿದೆ: "ನಿಮಗೆ ತೋಚಿದ್ದು ಕೊಡಿ."

ಈ ಸಲ ಅಳತೆ ತಪ್ಪಲಿಲ್ಲ. ದಾರಕ್ಕೆ ಸುಣ್ಣ ಸವರಿ ಗೆರೆ ಹೊಡೆದೆ. ಕೈ ಅಲುಗದಂತೆ ಕೋಲಿನ ಮೇಲೆ ಊರಿ, ಒಂದೊಂದು ಅಕ್ಷರವನ್ನೂ ತಿದ್ದಿ ತೀಡಿದೆ. ಅಬ್ಬಾ ಕೂಡ ಹಿತ್ತಲಿಗೆ ಬಂದು ನೋಡಿ, "ದುಂಡಗಿದೆ," ಅಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಗುಬ್ಬಿಯಿಂದ ಬಂದ ಆಳು ಬೋರ್ಡನ್ನು ಬಸ್ಸಿನ ಟಾಪಿಗೆ ಏರಿಸಿಕೊಂಡು ಹೋದ. ಎರಡನೆಯ ದಿನ ಬೆಳಿಗ್ಗೆ ಗಿರಣಿಗೆ ಫೋನ್ ಬಂತು. ನಮ್ಮ ಬೀದಿಗೆಲ್ಲ ಅದೊಂದೇ ಫೋನು. ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದರೂ ವ್ಯಾಪಾರಿಯ ದನಿ ಕೇಳುತ್ತಿತ್ತು.

"ಏನಮ್ಮಾ ಬರ್ದಿದೀಯಾ? ಊರೋರೆಲ್ಲ ನನ್ನ ಮಂಡೆ ನೋಡ್ಕಂಡು ನಗ್ತಾವ್ರೆ!"

ನನಗೆ ಅರ್ಥವಾಗಲಿಲ್ಲ. ಮನೆಗೆ ಓಡಿ ಆ ಸಿಗರೇಟು ಹಾಳೆ ತೆಗೆದು ನೋಡಿದೆ. ಅವರ ಕೈಬರಹದಲ್ಲಿ 'ಮಂಡಿ' ಎಂಬಲ್ಲಿನ 'ಡಿ'ಯ ತಲೆಯ ಸುತ್ತು ಸ್ವಲ್ಪ ಬಿಚ್ಚಿಕೊಂಡು 'ಡೆ'ಯಂತೆ ಕಾಣುತ್ತಿತ್ತು. ನಾನು ಕಂಡದ್ದನ್ನು ಕಂಡ ಹಾಗೆ, ಅದೂ ಒಂದೊಂದು ಅಡಿ ಎತ್ತರಕ್ಕೆ, ಬರೆದು ಕಳಿಸಿದ್ದೆ: 'ತೆಂಗಿನಕಾಯಿ ಮಂಡೆ.' ಮಂಡಿಪೇಟೆಯ ಪಕ್ಕದಲ್ಲೇ ಹುಟ್ಟಿ ಬೆಳೆದವಳು ನಾನು. ಆದರೆ ಅಕ್ಷರ ಬಿಡಿಸಲು ಕೂತವರ ಕಣ್ಣಿಗೆ ಮಾತು ಕಾಣುವುದಿಲ್ಲ. ಬರೀ ಸೊನ್ನೆ, ಕೊಂಬು, ಬಾಲ ಕಾಣುತ್ತವೆ. ಅಬ್ಬಾಗಂತೂ ಓದಲು ಬರುತ್ತಿರಲಿಲ್ಲ.

ಅಬ್ಬಾ ಗೇಟಿನ ಕೆಲಸಕ್ಕೆ ಹೋಗಿದ್ದರು. ಅಮ್ಮಿಯನ್ನು ಕರೆದುಕೊಂಡು, ಎರಡು ಔಷಧಿ ಬಾಟಲಿಯಲ್ಲಿ ಹಳದಿ ಮತ್ತು ಕೆಂಪು ಬಣ್ಣ ತುಂಬಿಕೊಂಡು ಗುಬ್ಬಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಮ್ಮಿ ನನ್ನ ಟೈಲರಿಂಗ್ ಬಗ್ಗೆ ಮಾತಾಡಿದಳು.

ಬೋರ್ಡು ಅಂಗಡಿಯ ಮೇಲ್ಗಡೆ, ಎರಡಾಳೆತ್ತರದಲ್ಲಿತ್ತು. ಆರು ಮೊಳೆ ಹೊಡೆದಿದ್ದರು. ಕೆಳಗೆ ನಾಲ್ಕೈದು ಜನ ಬೀಡಿ ಹಚ್ಚಿಕೊಂಡು, ಹಬ್ಬದ ದಿನ ಮನೆಗೆ ಬಂದವರ ಹಾಗೆ ನಿಂತಿದ್ದರು. ವ್ಯಾಪಾರಿ ನನ್ನ ಮೇಲೆ ಕೂಗಾಡಲು ಬಾಯಿ ತೆರೆದವರು ಅಮ್ಮಿಯನ್ನು ನೋಡಿ ದನಿ ತಗ್ಗಿಸಿದರು.

"ನೀವೇ ನೋಡಿ ಅಮ್ಮಾ. ನಾನೇನ್ ತಪ್ಪು ಮಾಡಿದ್ದೆ?"

ನಾನು ಸಿಗರೇಟು ಹಾಳೆ ತೆಗೆದು ಅವರ ಮುಂದೆ ಹಿಡಿದೆ. ಅವರು ಅದನ್ನು ನೋಡಿದರು, ತಿರುಗಿಸಿ ನೋಡಿದರು, ದೂರ ಹಿಡಿದು ನೋಡಿದರು. ಪಕ್ಕದವನ ಕೈಗೆ ಕೊಟ್ಟು, "ಏನ್ಲಾ ಇದು, ಓದು," ಅಂದರು. ಅವನು ಓದಿದ: "ಮಂಡೆ." ಮತ್ತೆ ನಗು. ಅವರ ಮೀಸೆಯೂ ಸ್ವಲ್ಪ ಅಲುಗಿತು.

"ನಂದೂ ತಪ್ಪೈತೆ ಅನ್ನು. ಈಗೇನ್ ಮಾಡೋದು?"

ಮೊಳೆ ಕಿತ್ತರೆ ತಗಡು ಹರಿಯುತ್ತದೆ. ಏಣಿ ಗೋಡೆಗೆ ಒರಗಿಸಿಯೇ ಇತ್ತು. ನಾನು ಯೋಚಿಸಿದ್ದರೆ ಹತ್ತುತ್ತಿರಲಿಲ್ಲ. ದುಪಟ್ಟಾ ಸೊಂಟಕ್ಕೆ ಕಟ್ಟಿ, ಬಾಟಲಿಗಳನ್ನು ಚೀಲಕ್ಕೆ ಹಾಕಿ, ಮೆಟ್ಟಿಲಿಗೆ ಕಾಲಿಟ್ಟೆ. ಕೆಳಗಿನಿಂದ ಅಮ್ಮಿ ಯಾ ಅಲ್ಲಾ ಎಂದದ್ದು ಕೇಳಿಸಿತು. ಆಮೇಲೆ ಅವಳೇ ಏಣಿಯನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಳು. ಹಳದಿಯಿಂದ 'ಡೆ'ಯ ಎತ್ವ ಮುಚ್ಚಿ, ಅದು ಸ್ವಲ್ಪ ಆರುವವರೆಗೆ ಮೇಲೆಯೇ ಕಾದು, ಕೆಂಪಿನಲ್ಲಿ ದುಂಡನೆಯ ಸುತ್ತು ಹಾಕಿದೆ. ಅಲ್ಲಿಂದ ಗುಬ್ಬಿ ಬೇರೆಯೇ ಊರಾಗಿ ಕಂಡಿತು. ಎದುರಿನ ಸೈಕಲ್ ಶಾಪಿನ ಬೋರ್ಡು ಮಾಸಿದೆ, ಪಕ್ಕದ ಬಳೆ ಅಂಗಡಿಗೆ ಬೋರ್ಡೇ ಇಲ್ಲ. ಇಳಿದು ಬರುವಷ್ಟರಲ್ಲಿ ಆ ಇಬ್ಬರೂ ಅಂಗಡಿಯವರು ತಾವಾಗೇ ಬಂದು ಕೆಳಗೆ ನಿಂತಿದ್ದರು. ಒಬ್ಬ ಹೆಣ್ಣುಮಗಳು ಏಣಿ ಹತ್ತಿ ಬರೆದದ್ದನ್ನು ಅರ್ಧ ಪೇಟೆ ನೋಡಿತ್ತಲ್ಲ.

ತೋಚಿದ್ದು ಕೊಡಿ ಎಂದಿದ್ದಕ್ಕೆ ವ್ಯಾಪಾರಿ ಒಂದು ಮೂಟೆ ತೆಂಗಿನಕಾಯಿ ಕೊಟ್ಟರು. ಬಸ್ಸಿನ ಕಂಡಕ್ಟರ್ ಅದಕ್ಕೆ ಲಗೇಜ್ ಹಾಕಿದ. ಒಂದು ತಿಂಗಳು ನಮ್ಮ ಮನೆಯ ಎಲ್ಲ ಅಡಿಗೆಯಲ್ಲೂ ಕಾಯಿ ಇತ್ತು. "ಮುಂದಿನ ಸಲ ಬಾಯಿ ಬಿಟ್ಟು ಹೇಳು. ಬಣ್ಣದ ಅಂಗಡಿಯವನು ಕಾಯಿ ತಗೊಳಲ್ಲ," ಎಂದು ಅಮ್ಮಿ ಹೇಳಿದ ಮೇಲೆ, ಹೇಳುವುದನ್ನೂ ಕಲಿತೆ. ಅದಕ್ಕಿಂತ ದೊಡ್ಡ ಪಾಠ ಇನ್ನೊಂದು. ಅಂದಿನಿಂದ ಯಾರು ಚೀಟಿ ಕೊಟ್ಟರೂ ಅವರ ಎದುರೇ ಗಟ್ಟಿಯಾಗಿ ಓದುತ್ತೇನೆ. ನನ್ನ ಕೈಯಲ್ಲಿ ಮತ್ತೆ ಬರೆದು ಅವರಿಂದ ಓದಿಸುತ್ತೇನೆ. ಮುಖ ಸಿಂಡರಿಸುವವರು ಸಿಂಡರಿಸಲಿ.

ಏಣಿ ಹತ್ತಿದ ಸುದ್ದಿ ಅಬ್ಬಾಗೆ ನಮಗಿಂತ ಮೊದಲೇ ತಲುಪಿತ್ತು. ಎರಡು ದಿನ ಮಾತಾಡಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ಅದು ಹೆದರಿಕೆ ಎಂದು ನನಗೆ ಆಗ ತಿಳಿಯಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ, ತಟ್ಟೆ ನೋಡುತ್ತಲೇ ಕೇಳಿದರು: "ಏಣಿಯ ಬುಡದಲ್ಲಿ ಕಲ್ಲು ಕೊಟ್ಟಿದ್ರಾ?"

"ಇಲ್ಲ. ಅಮ್ಮಿ ಹಿಡ್ಕೊಂಡಿದ್ಲು."

"ಅವಳಿಗೇನು ಗೊತ್ತು ಏಣಿ ಹಿಡಿಯೋದು?"

ಅಷ್ಟೇ. ಆ ಮಾತು ಯಾವ ಕಡೆಗೆ ಹೋಗುತ್ತದೆಂದು ಗೊತ್ತಾಗಿದ್ದು ಕುಣಿಗಲ್ ಕಡೆಯ ಒಂದು ಪ್ರಾಥಮಿಕ ಶಾಲೆಯಿಂದ ಕರೆ ಬಂದಾಗ. ಶಾಲೆಯ ಹೊರಗೋಡೆಗೆ ಅಆಇಈ ಬರೆಯಬೇಕಿತ್ತು. ಗೋಡೆಯನ್ನು ನಮ್ಮ ಹಿತ್ತಲಿಗೆ ತರಲಾಗುವುದಿಲ್ಲ. ಬೇಡವೆಂದು ಹೇಳಿಕಳಿಸೋಣ ಅಂದುಕೊಂಡಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಅಬ್ಬಾ ತಮ್ಮ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸುತ್ತಿದ್ದರು. "ಗೇಟಿನ ಕೆಲಸ ಇವತ್ತಿಲ್ಲ," ಅಂದರು. ಇತ್ತೆಂದು ನನಗೆ ಗೊತ್ತಿತ್ತು.

ನಾಲ್ಕು ದಿನ ಕುಣಿಗಲ್ಲಿಗೆ ಓಡಾಡಿದೆವು. ಅಬ್ಬಾ ಏಣಿ ಹಿಡಿದು ನಿಲ್ಲುತ್ತಿದ್ದರು, ನಾನು ಮೇಲೆ. ಅಕ್ಷರ ಒಣಗುವ ಹೊತ್ತಿನಲ್ಲಿ ಸುಮ್ಮನೆ ಕೂರಲಾರದೆ ಅವರು ಗೋಡೆಯ ಅಂಚಿಗೆ ಗುಲಾಬಿ ಬಿಡಿಸಲು ಶುರು ಮಾಡಿದರು. ಎಷ್ಟೋ ವರ್ಷದ ಮೇಲೆ ಅವರ ಕೈ ಗೀಟು ಬಿಟ್ಟು ಬಳುಕಿದ್ದನ್ನು ನೋಡಿದೆ. ಒಂದೇ ಎಳೆತದಲ್ಲಿ ಎಸಳು, ಬ್ರಷ್ಷಿನ ಒಂದು ಮಗ್ಗುಲಿಗೆ ಕೆಂಪು, ಇನ್ನೊಂದಕ್ಕೆ ಬಿಳಿ. ಒಂದನೇ ಕ್ಲಾಸಿನ ಮಕ್ಕಳು ನನ್ನ ಅಕ್ಷರ ಬಿಟ್ಟು ಅವರ ಸುತ್ತ ಕೂತುಬಿಟ್ಟರು. 'ಅ'ದಿಂದ 'ಳ'ದವರೆಗೆ ಬರೆದ ನನ್ನನ್ನು ಯಾರೂ ಕೇಳಲಿಲ್ಲ.

ಅಲ್ಲಿನ ಹೆಡ್‌ಮಿಸ್ಸು ಬಹಳ ಒಳ್ಳೆಯವರು. ದಿನಾ ಮಜ್ಜಿಗೆ ಕೊಡುತ್ತಿದ್ದರು. ಆದರೆ ಅವರ ಬಾಯಲ್ಲಿ 'ಹೆಂಗೂ' ಎಂಬ ಒಂದು ಮಾತಿತ್ತು. "ಹೆಂಗೂ ಬಣ್ಣ ಕಲಸಿದೀರಲ್ಲ, ಆ ಬಾಗ್ಲ ಮೇಲೆ ಶಾಲೆ ಹೆಸ್ರು ಬರ್ದುಬಿಡಿ." ಬರೆದೆ. "ಹೆಂಗೂ ಏಣಿ ಇಲ್ಲೇ ಇದೆಯಲ್ಲ, ಮೇಲೊಂದು ಬಾವುಟ." ಬಿಡಿಸಿದೆ. "ಹೆಂಗೂ ನಾಳೆನೂ ಬರ್ತೀರಲ್ಲ, ಕರ್ನಾಟಕದ ಮ್ಯಾಪು." ಮಜ್ಜಿಗೆ ಕುಡಿದ ಬಾಯಿಂದ ಇಲ್ಲ ಅನ್ನಲು ನನಗೆ ಬರಲಿಲ್ಲ. ಮ್ಯಾಪಿನಲ್ಲಿ ಬೀದರನ್ನು ಎಲ್ಲಿ ನಿಲ್ಲಿಸುವುದೆಂದು ಗೊತ್ತಾಗದೆ ಅರ್ಧ ದಿನ ಹೋಯಿತು. ನಾಲ್ಕನೆಯ ದಿನ ಸಾಮಾನು ಕಟ್ಟುವಾಗ ಅವರು ನೀರಿನ ತೊಟ್ಟಿಯ ಕಡೆ ನೋಡುತ್ತಾ ಬಂದರು.

"ಹೆಂಗೂ..."

ಅಬ್ಬಾ ಏಣಿಯನ್ನು ಹೆಗಲಿಗೇರಿಸಿಕೊಂಡು ಕೈ ಮುಗಿದರು. "ಮೇಡಮ್ಮೋರೆ, ಮಜ್ಗೆ ಭಾಳ ಚೆನ್ನಾಗಿತ್ತು. ತೊಟ್ಟಿ ಕೆಲ್ಸ ಬೇರೆ ಕೆಲ್ಸ. ಅದಕ್ಕೆ ಬೇರೆ ಮಾತಾಡ್ಕೊಂಡು ಬೇರೆ ದಿನ ಬರ್ತೀವಿ."

ಹೆಡ್‌ಮಿಸ್ಸು ಒಂದು ಕ್ಷಣ ನೋಡಿ, ನಕ್ಕುಬಿಟ್ಟರು. "ಅಯ್ಯೋ, ಅದನ್ನ ಮೊದ್ಲೇ ಹೇಳ್ಬಾರ್ದಾ ಸಾಬ್ರೇ? ನಾನು ಕೇಳ್ತಾನೇ ಇದ್ದೆ, ಇವ್ರು ಮಾಡ್ತಾನೇ ಇದ್ರು!"

ಬಸ್ಸಿನಲ್ಲಿ ನಾನು ಅದನ್ನೇ ಯೋಚಿಸುತ್ತಾ ಬಂದೆ. ಅವರಿಗೆ ಬೇಸರವೇ ಆಗಿರಲಿಲ್ಲ. ಇಲ್ಲ ಎಂದರೆ ಆಕಾಶ ಬೀಳುತ್ತದೆ ಎಂದುಕೊಂಡಿದ್ದವಳು ನಾನೊಬ್ಬಳೇ. ಮುಂದಿನ ತಿಂಗಳು ತೊಟ್ಟಿಗೂ ಕರೆಸಿದರು. ಅದರ ಮೇಲೆ ಮೀನು ಬಿಡಿಸಿ ಬಂದೆವು.

ಹೀಗೆ ಹತ್ತು ಹನ್ನೆರಡು ವರ್ಷ ಚೆನ್ನಾಗಿಯೇ ನಡೆಯಿತು. ನಡುವೆ ನನ್ನ ಮದುವೆಯೂ ಆಯಿತು. ಗಂಡನದು ಪೇಟೆಯಲ್ಲಿ ವಾಚ್ ರಿಪೇರಿ ಅಂಗಡಿ. ಹುಡುಗಿ ನೋಡಲು ಬಂದ ದಿನವೇ, "ನನ್ನ ಅಂಗಡಿ ಬೋರ್ಡು ನೀವೇ ಬರೆದದ್ದು," ಎಂದು ಹೇಳಿದ್ದರಿಂದ ಹೆಚ್ಚು ವಿವರಿಸುವ ಕೆಲಸ ಬೀಳಲಿಲ್ಲ. ಮದುವೆಯಾಗಿ ಎರಡು ಬೀದಿ ಆಚೆಗೆ ಹೋದೆ, ಅಷ್ಟೇ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಕ್ಕೆ ತುಮಕೂರಿಗೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಸಂಜೆಗೆ ಬೋರ್ಡು, ಅದರಲ್ಲಿ ಯಜಮಾನರ ಫೋಟೋ ಬೇರೆ. ನನಗೆ ಬರುತ್ತಿದ್ದ ಕೆಲಸ ಮೊದಲು ಅರ್ಧವಾಯಿತು, ಆಮೇಲೆ ಇಲ್ಲವಾಯಿತು. ಗಿರಾಕಿಗಳು ಕಂಡರೆ ಬೇರೆ ಕಡೆ ತಿರುಗಿಕೊಳ್ಳುತ್ತಿದ್ದರು. ಆ ಮಳೆಗಾಲದಲ್ಲಿ ಒಂದು ಅಕ್ಷರವನ್ನೂ ಬರೆಯಲಿಲ್ಲ. ಬ್ರಷ್ಷುಗಳು ಒಣಗಿ ಕಡ್ಡಿಯಾದವು. ಅಮ್ಮಿ ಪಾಪ, ಟೈಲರಿಂಗ್ ಎಂಬ ಮಾತನ್ನು ಬಾಯಿಗೆ ತರಲಿಲ್ಲ. ತರದೇ ಇದ್ದದ್ದರಿಂದಲೇ ನನಗೆ ಹೆಚ್ಚು ನೋವಾಯಿತು.

ಒಂದು ಮಧ್ಯಾಹ್ನ ಸಿಟ್ಟು ತಡೆಯಲಾರದೆ ಆ ಫ್ಲೆಕ್ಸ್ ಅಂಗಡಿಗೇ ಹೋದೆ. ನನಗಿಂತ ಸ್ವಲ್ಪ ಚಿಕ್ಕ ವಯಸ್ಸಿನವನೊಬ್ಬ ಕಂಪ್ಯೂಟರಿನ ಮುಂದೆ ಕೂತಿದ್ದ. ಏನಕ್ಕಾ ಬೇಕಿತ್ತು, ಅಂದ.

"ಏನೂ ಬೇಡ. ನನ್ನ ಕೆಲಸ ಕಿತ್ಕೊಂಡೋನು ಹೆಂಗಿದಾನೆ ಅಂತ ನೋಡೋಕೆ ಬಂದೆ."

ಅವನು ನಕ್ಕು ಒಂದು ಸ್ಟೂಲು ಎಳೆದುಕೊಟ್ಟ. "ನಾನಲ್ಲಕ್ಕಾ, ಆ ಮಿಷನ್ನು. ಕೂತ್ಕೊಳಿ, ಟೀ ಬರುತ್ತೆ."

ಟೀ ಬರುವ ಮೊದಲು ಗಿರಾಕಿ ಬಂದರು. ಕ್ಯಾತ್ಸಂದ್ರದಲ್ಲಿ ಹೊಸದಾಗಿ ತಟ್ಟೆ ಇಡ್ಲಿ ಹೋಟೆಲು ಹಾಕುವವರು. ಪ್ರಿಂಟು ನೋಡಿ ಅವರ ಮುಖ ಇಳಿಯಿತು.

"ಪಕ್ಕದ ಹೋಟ್ಲು ಬೋರ್ಡ್ಗೂ ನಂದಕ್ಕೂ ಏನಪ್ಪಾ ವ್ಯತ್ಯಾಸ? ಅದೇ ಅಕ್ಷರ, ಅದೇ ಕಲರ್ರು. ಜನ ಅಲ್ಲಿಗೆ ಹೋಗ್ಬೇಕಾದೋರು ಇಲ್ಲಿಗೆ ಬಂದ್ರೆ ಸಂತೋಷ. ಇಲ್ಲಿಗೆ ಬರೋರು ಅಲ್ಲಿಗೆ ಹೋದ್ರೆ?"

ಫ್ಲೆಕ್ಸಿನವನು ಕಂಪ್ಯೂಟರಿನಲ್ಲಿದ್ದ ಅಕ್ಷರಗಳನ್ನೆಲ್ಲ ಒಂದೊಂದಾಗಿ ತೋರಿಸಿದ. ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ನನಗೆ ಕೈ ಕಡಿಯತೊಡಗಿತು. ಮೇಜಿನ ಮೇಲಿದ್ದ ಸ್ಕೆಚ್ ಪೆನ್ನು ತೆಗೆದುಕೊಂಡು ಹಳೆಯ ಹಾಳೆಯ ಬೆನ್ನಿಗೆ 'ತಟ್ಟೆ ಇಡ್ಲಿ' ಎಂದು ಬರೆದೆ. 'ಟ್ಟೆ'ಯ ಹೊಟ್ಟೆಯನ್ನು ತಟ್ಟೆಯಷ್ಟು ಅಗಲ ಮಾಡಿದೆ. 'ಡ್ಲಿ'ಯ ತಲೆಯಿಂದ ಸ್ವಲ್ಪ ಹಬೆ ಏಳಿಸಿದೆ. ಹೋಟೆಲಿನವರು ಹಾಳೆಯನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ಇದು! ಇದು ನಂದು!"

ಅದನ್ನು ಸ್ಕ್ಯಾನ್ ಮಾಡಿ, ಬಣ್ಣ ತುಂಬಿ, ಸಂಜೆಗೆ ಎಂಟಡಿ ಬೋರ್ಡು ಬಂತು. ನನ್ನ ಅಕ್ಷರ ಏಣಿಯಿಲ್ಲದೆ ಮೇಲೇರಿದ್ದು ಅದೇ ಮೊದಲು. ಕೆಲವು ದಿನಗಳ ಮೇಲೆ ಫ್ಲೆಕ್ಸಿನವನು ಮನೆಗೆ ಬಂದ.

"ಅಕ್ಕಾ, ದಿನಾ ಬಂದು ಅಂಗಡೀಲೇ ಕೂತ್ಕೊಳಿ. ತಿಂಗಳ ಸಂಬಳ ಕೊಡ್ತೀನಿ."

ಅಮ್ಮಿಗೆ ಅದು ಹಬ್ಬ. ನನಗೂ ಆಸೆಯಾಗದೆ ಇರಲಿಲ್ಲ, ಆ ಮಳೆಗಾಲ ಇನ್ನೂ ಮರೆತಿರಲಿಲ್ಲ. ಗಂಡ, ನಿನಗೆ ಯಾವುದು ಸರಿ ಕಂಡರೆ ಅದು, ಎಂದರು. ಎರಡು ದಿನ ಯೋಚಿಸಿ ಬೇಡವೆಂದೆ. ಸಂಬಳಕ್ಕೆ ಕೂತರೆ ಗಿರಾಕಿ ಅವನ ಜೊತೆ ಮಾತಾಡುತ್ತಾನೆ, ಅವನು ನನಗೆ ಚೀಟಿ ಕೊಡುತ್ತಾನೆ. ಬೇರೆಯವರ ಚೀಟಿ ನೋಡಿ ಬರೆಯುವುದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. "ಅಕ್ಷರ ಬೇಕಾದೋರನ್ನ ನನ್ನ ಹತ್ರ ಕಳ್ಸು. ನಾನು ಮಾತಾಡಿ, ಬರ್ದು, ನಿಂಗೆ ಕೊಡ್ತೀನಿ. ಕೆಲಸಕ್ಕೆ ಕೆಲಸ," ಅಂದೆ. ಅವನು ತಲೆ ಕೆರೆದುಕೊಂಡು ಒಪ್ಪಿದ. ಬೇಕರಿ, ಚಪ್ಪಲಿ ಅಂಗಡಿ, ಮದುವೆ ಕಾರ್ಡು, ಆಟೋ ಹಿಂಬದಿ ಎಲ್ಲವೂ ಬಂದವು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿದೆವು.

ಒಂದು ಬೆಳಿಗ್ಗೆ ನೆಂಟರ ಮದುವೆಗೆಂದು ಅಬ್ಬಾನ ಜೊತೆ ಗುಬ್ಬಿಯ ಬಸ್ಸಿನಲ್ಲಿ ಹೋಗುತ್ತಿದ್ದೆ. ಊರು ದಾಟುವಾಗ ರಸ್ತೆ ಬದಿಯಲ್ಲಿ ನಾನು ಬರೆದ ಬೇಕರಿ ಬೋರ್ಡು ಕಂಡಿತು. ಖುಷಿಯಿಂದ ತೋರಿಸಿದೆ. ಅಬ್ಬಾ ಕನ್ನಡಕ ಏರಿಸಿ, ಬಸ್ಸು ತಿರುಗುವವರೆಗೂ ಕುತ್ತಿಗೆ ಹೊರಳಿಸಿ ನೋಡಿದರು.

"ಓದೋಕೆ ನನಗೆ ಬರಲ್ಲ. ಆದರೆ ಅದು ನಿನ್ನ ಕೈ ಅಲ್ಲ," ಅಂದರು. "ಯಾರೋ ಎರಡು ಕಡೆಯಿಂದ ಹಿಡಿದು ಎಳೆದಿದಾರೆ."

ಅವರು ಹೇಳಿದ್ದು ನಿಜ. ಬೋರ್ಡಿನ ಅಗಲ ಹೆಚ್ಚಾಗಿತ್ತೆಂದು ಫ್ಲೆಕ್ಸಿನವನು ನನ್ನ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಜಗ್ಗಿ ತುಂಬಿಸಿದ್ದ. ದುಂಡಗಿದ್ದ 'ಬೇ' ಚಪಾತಿಯಾಗಿತ್ತು. ಮದುವೆ ಮುಗಿದದ್ದೇ ಬಸ್ಸು ಹತ್ತಿದೆವು. ವಾಪಸು ಬಂದವಳು ಮನೆಗೂ ಹೋಗದೆ, ಹೊಸ ಬಟ್ಟೆಯಲ್ಲೇ, ನೇರ ಅವನ ಅಂಗಡಿಗೆ ಹೋದೆ. ಅಬ್ಬಾ ಹಿಂದಿನಿಂದ ಬಂದರು.

"ಯಾಕೋ ಎಳೆದೆ?"

"ಅಯ್ಯೋ ಅಕ್ಕಾ, ಜಾಗ ಇತ್ತು, ಒಂಚೂರು..."

"ಜಾಗ ಇದ್ರೆ ಜಾಗ ಇರ್ಲಿ. ನಿನ್ನ ಮುಖಾನ ಹಿಂಗೆ ಎಳೆದು ಪ್ರಿಂಟ್ ಹಾಕ್ಲಾ?"

ಅವನು ತಮಾಷೆ ಎಂದುಕೊಂಡ. ಹಿಂದೆ ನಿಂತಿದ್ದ ಅಬ್ಬಾನ ಮುಖ ನೋಡಿ ಅಲ್ಲವೆಂದು ತಿಳಿಯಿತು. ಎದ್ದು ನಿಂತು, "ತಪ್ಪಾಯ್ತು," ಅಂದ. ಅದೇ ವಾರ ಬೇಕರಿಯ ಬೋರ್ಡು ಬದಲಾಯಿಸಿದ, ನಾನು ಕೇಳದಿದ್ದರೂ. ಅಳತೆ ಬದಲಾದರೆ ನನ್ನನ್ನು ಕೇಳಬೇಕು, ಕೇಳಿದರೆ ಇನ್ನೊಮ್ಮೆ ಬರೆದುಕೊಡುತ್ತೇನೆ ಎಂದು ಒಪ್ಪಂದವಾಯಿತು. ಬಾಯಿಮಾತಿನ ಒಪ್ಪಂದ, ಆದರೆ ಅವನು ಮುರಿಯಲಿಲ್ಲ. ಆ ಹೊತ್ತಿಗೆ ನನ್ನ ಕೈಗೆ ಮೊಬೈಲ್ ಬಂದಿತ್ತು. ವಾರಕ್ಕೆ ಎರಡು ಸಲವಾದರೂ ಅದು ಬಡಿದುಕೊಳ್ಳುತ್ತಿತ್ತು.

"ಅಕ್ಕಾ, ಆ ಬಟ್ಟೆ ಅಂಗಡೀದು. ಅರ್ಧ ಅಡಿ ಕಮ್ಮಿ ಬರ್ತೈತೆ. ಒಂಚೂರು ಎಳೀಲಾ?"

"ಬೇಡ. ಬರ್ತಾ ಇದೀನಿ."

ಸ್ಟವ್ ಆರಿಸಿ, ಚಪ್ಪಲಿ ಮೆಟ್ಟಿ ಹೊರಡುತ್ತಿದ್ದೆ.